ಎರಡು ತಿಂಗಳ ಅಂಗಿ

ಖಾಕಿ ಅಂಗಿ ಕೊಟ್ಟರು. ಎದೆಯ ಮೇಲೆ
ತಿಮ್ಮರಾಯಪ್ಪ ಅಂತ ಹೊಲಿದಿತ್ತು.
‘ಬಿಚ್ಚಿಸಲಾ?’ ಅಂದೆ.
‘ಜೂನ್‌ವರೆಗೆ ತಾನೆ, ಇರಲಿ ಬಿಡು’ ಅಂದ ಸ್ಟೋರಿನವನು,
ರಿಜಿಸ್ಟರಿನಿಂದ ತಲೆಯೆತ್ತದೆ.
ಹೀಗೆ ಏಪ್ರಿಲ್ ಹನ್ನೊಂದರಿಂದ
ಬನ್ನೇರುಘಟ್ಟದಲ್ಲಿ ನಾನು ತಿಮ್ಮರಾಯಪ್ಪ.

ಪುಟ್ಟೇನಹಳ್ಳಿ, ಜರಗನಹಳ್ಳಿ, ಸಾರಕ್ಕಿ ಗೇಟು,
ಹತ್ತು ತಿಂಗಳು ಹಳದಿ ವ್ಯಾನು, ಹದಿನೇಳು ಮಕ್ಕಳು.
ಬೇಸಿಗೆ ರಜ ಬಂತೆಂದರೆ
ಸ್ಕೂಲಿಗೂ ಬೀಗ, ಸಂಬಳಕ್ಕೂ ಬೀಗ.
ಹೋದ ವರ್ಷ ತಳ್ಳೋಗಾಡಿಯಲ್ಲಿ ಮಾವಿನಹಣ್ಣು,
ಅದರ ಹಿಂದಿನ ವರ್ಷ ನೀರಿನ ಟ್ಯಾಂಕರು,
ಈ ಸಲ ಸಫಾರಿ ಬಸ್ಸು.
‘ಆ ಮಕ್ಕಳನ್ನು ಸುಧಾರಿಸಿದವನಿಗೆ ಸಿಂಹ ಯಾವ ಲೆಕ್ಕ’
ಅಂತ ಯಶೋದ ಬುತ್ತಿ ಕಟ್ಟಿ ನಕ್ಕಳು.

ಮೊದಲ ದಿನ, ಮೊದಲ ತಿರುವು,
ಕೈ ತಾನಾಗಿ ಹಾರ್ನಿಗೆ ಹೋಯಿತು.
ಪಕ್ಕದಲ್ಲಿ ಕೂತ ಕಾಳೇಗೌಡರು ಮಣಿಕಟ್ಟು ಹಿಡಿದರು.
ಇಪ್ಪತ್ತೆರಡು ವರ್ಷದ ಸರ್ವಿಸು, ಬಾಯಲ್ಲಿ ಎಲೆಯಡಿಕೆ.
‘ಇಲ್ಲಿ ಯಾರಿಗೂ ಲೇಟಾಗಿಲ್ಲ’ ಅಂದರು.

ಎರಡು ಗೇಟು. ಒಂದು ಮುಚ್ಚಿದ ಮೇಲೇ ಇನ್ನೊಂದು ತೆರೆಯೋದು.
ನಡುವೆ ಒಂದು ನಿಮಿಷ
ಊರಲ್ಲೂ ಇಲ್ಲ, ಕಾಡಲ್ಲೂ ಇಲ್ಲ.
ಹಿಂದೆ ಯಾರೋ ಚಿಪ್ಸಿನ ಪೊಟ್ಟಣ ಒಡೆಯುತ್ತಾರೆ.
ನಾನು ಕನ್ನಡಿಯಲ್ಲಿ ತಲೆ ಎಣಿಸುತ್ತೇನೆ, ಅಭ್ಯಾಸಬಲ.
ಹದಿನೇಳಕ್ಕೆ ನಿಂತು,
ಆಮೇಲೆ ಮುಂದಕ್ಕೆ.

ಉಗ್ರಾಣದ ಹಿಂದೆ ಶೀಟಿನ ರೂಮು, ನಾಲ್ವರಿಗೆ ಒಂದು ಫ್ಯಾನು.
ಗೋಡೆಯಾಚೆ ಕರಡಿಗಳಿಗೆಂದು ಇಳಿಸಿದ ಕಲ್ಲಂಗಡಿ ರಾಶಿ,
ಹಣ್ಣು ಕೊಚ್ಚಿ ಐಸುಗಟ್ಟಿಸುವುದು ಜಬೀವುಲ್ಲಾನ ಕೆಲಸ.
ಆನೇಕಲ್ಲಿನ ಹುಡುಗ, ಡಿಪ್ಲೊಮಾ ರಿಸಲ್ಟಿಗೆ ಕಾಯುತ್ತಿದ್ದಾನೆ.
ಒಂದು ಸಂಜೆ ಅರ್ಧ ಹಣ್ಣು ತಂದಿಟ್ಟ:
‘ಕರಡಿ ಬಿಟ್ಟಿದ್ದಲ್ಲಣ್ಣ, ಕರಡಿಗಿಂತ ಮುಂಚಿನದು.’
ಬೀಜ ಉಗಿಯುವ ಪಂದ್ಯದಲ್ಲಿ ಸೋತೆ.

ಮೊದಲ ರಾತ್ರಿ ಸಿಂಹ ಕೂಗಿದಾಗ
ಎದ್ದು ಚಿಲಕ ನೋಡಿದೆ.
ಮೂರನೇ ರಾತ್ರಿ ಬರೀ ಹೊದಿಕೆ ಎಳೆದುಕೊಂಡೆ.
ಒಂಬತ್ತನೇ ರಾತ್ರಿ ಅದು ಕೂಗಲೇ ಇಲ್ಲ,
ಎರಡು ಗಂಟೆವರೆಗೂ ನನಗೆ ನಿದ್ದೆ ಹತ್ತಲಿಲ್ಲ.
ಹೊರಗೆ ಬಂದೆ. ಉತ್ತರದ ಆಕಾಶ ಕಿತ್ತಳೆ ಬಣ್ಣ:
ಬೆಂಗಳೂರು, ಲೈಟು ಆರಿಸದೆ ಮಲಗಿದೆ,
ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೋ.

ಮೇ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನ ಎರಡೂಕಾಲು.
ಸ್ಟೇರಿಂಗ್ ಮುಟ್ಟಿದರೆ ಅಂಗೈ ಸುಡುವ ಹೊತ್ತು.
ನಿಲ್ಲಿಸಿದ್ದ ಬಸ್ಸಿನ ಕಡೆಗೆ
ಒಂದು ಹೆಣ್ಣು ಸಿಂಹ ಎದ್ದು ನಡೆದು ಬಂತು,
ನಮ್ಮ ಯಾರನ್ನೂ ನೋಡಲಿಲ್ಲ,
ಹಿಂದಿನ ಚಕ್ರಕ್ಕೆ ಬೆನ್ನು ಕೊಟ್ಟು
ಬಸ್ಸಿನ ನೆರಳಲ್ಲಿ ಮಲಗಿಬಿಟ್ಟಿತು.
ಮೊದಲು ಎಲ್ಲ ಫೋನುಗಳೂ ಒಂದೇ ಕಿಟಕಿಗೆ.
ಆಮೇಲೆ ಫೋನು ಇಳಿದವು. ಮಾತೂ ಇಳಿಯಿತು.
ವೈರ್‌ಲೆಸ್ಸು ಬೈಯಿತು: ಹಿಂದೆ ಮೂರು ಬಸ್ಸು!
ಅದರ ಮೇಲೆ ಕಾಳೇಗೌಡರ ದನಿ, ಎಲೆಯಡಿಕೆ ಸಮೇತ:
‘ಇರು ತಿಮ್ಮರಾಯ. ಕೊಟ್ಟ ನೆರಳು ಕಿತ್ಕೋಬಾರ್ದು.’

ವ್ಯಾನಿನ ಕೊನೇ ಸೀಟಲ್ಲಿ ಇಂಚರ ಅಂತ ಒಂದು ಮಗು,
ದಿನಾ ಸಾರಕ್ಕಿ ದಾಟುವಷ್ಟರಲ್ಲಿ ನಿದ್ದೆ,
ಹೀಗೇ, ಬಾಯಿ ಅರೆತೆರೆದು, ಹೊಟ್ಟೆ ಏರಿಳಿದು.
ಗೇಟಿನ ಮುಂದೆ ಇಳಿದು ಹಿಂದಕ್ಕೆ ಹೋಗಿ
ಬ್ಯಾಗು ತೆಗೆದು ಎಬ್ಬಿಸಬೇಕು.
‘ಮನೆ ಬಂತು ಕಣಮ್ಮ, ಏಳು.’
ಗಂಟಲವರೆಗೂ ಬಂತು ಆ ಮಾತು.
ನುಂಗಿಕೊಂಡೆ.
ಯಾವ ಮನೆ ಅಂತ ಹೇಳಲಿ ಅದಕ್ಕೆ.

ಹನ್ನೊಂದು ನಿಮಿಷ.
ನೆರಳು ಗೇಣಷ್ಟು ಸರಿಯಿತು, ಅದೂ ಎದ್ದು ಹೋಯಿತು.

ಸಂಜೆ ಬಸ್ಸು ತೊಳೆಯುವಾಗ
ಚಕ್ರದ ನಟ್ಟಿಗೆ ಸಿಕ್ಕಿಕೊಂಡ ಮೂರು ಕೂದಲು,
ಒಣಹುಲ್ಲಿನ ಬಣ್ಣ.
ತಿಮ್ಮರಾಯಪ್ಪನ ಜೇಬಿಗೆ ಹಾಕಿಟ್ಟಿದ್ದೇನೆ.
ಅಂಗಿ ವಾಪಸು ಕೊಡುವಾಗ ತೆಗೆಯಬೇಕೋ ಬಿಡಬೇಕೋ,
ಜೂನ್ ಇನ್ನೂ ಬಂದಿಲ್ಲ.