ಕಾಲು ಅಂಕ

ಸಪ್ತಾಪುರದ ಮೂರನೇ ಅಂತಸ್ತಿನ ಖೋಲಿಯೊಳಗ
ಬೆಂಕಿಗೆ ಪ್ರವೇಶ ಇಲ್ಲ.
ಬಾಗಲ ಹಿಂದ ಬರದು ಅಂಟಿಸ್ಯಾರ ಪ್ರಮಿಳಾಬಾಯಿ:
ಒಲಿ ಇಲ್ಲ, ಕಾಯಿಲ್ ಇಲ್ಲ, ಇಸ್ತ್ರಿ ಸೈತ ಕೇಳಿ ಹಚ್ಚಬೇಕು.
ನಮ್ಮ ಕಾಯಿಲ್ ಶ್ರಾವಣದಿಂದ ಅವರ ಕಪಾಟಿನ್ಯಾಗ ಜೈಲಿಗೆ ಬಿದ್ದೈತಿ.

ಬೆಂಕಿ ಬೇಡದ ಪೈ ಮಾಡೂಣು, ಅಂದಳು ಮುಬೀನಾ.
ಪೈ ಅಂದ್ರ ನನಗ ಇಪ್ಪತ್ತೆರಡು ಭಾಗಿಸು ಏಳು.
ಕಸ್ತೂರಿಗೆ ಅವರಜ್ಜನ ಖಾತೆ ಕಿರ್ದಿ: ರೂಪಾಯಿ, ಆಣೆ, ಪೈ.
ಇದು ತಿನ್ನೂದವ್ವಾ, ಅಂದು
ಹಾಸಿಗಿಮ್ಯಾಲಿನ ನೋಟ್ಸು ಸರಿಸಿದಳು.

ಶೇಂಗಾ ನಮ್ಮೂರಿಂದ, ಲಕ್ಷ್ಮೇಶ್ವರದಿಂದ.
ಅವ್ವ ಹುರದು, ಅಂಗೈಯಾಗ ತಿಕ್ಕಿ, ಸಿಪ್ಪಿ ಕೇರಿ
ಡಬ್ಬಿ ತುಂಬ ಕಳಿಸಿದ್ದು, ಓದುವಾಗ ಬಾಯಾಡಿಸು ಅಂತ.
ಬೆಂಕಿ ಕೆಲಸ ಅಲ್ಲೇ ಮುಗದಿತ್ತು.
ನಾವು ಬರೇ ಅದರ ವಾಸನಿ ಧಾರವಾಡಕ್ಕ ತಂದಿದ್ವಿ.

ಮೂಲಿಯ ಜ್ಯೂಸಿನ ದಾದಾಪೀರ ಚಿಕ್ಕುವಿನ ಜಾರು ತೊಳದು ಕೊಟ್ಟ.
ಮೊದಲು ಚಟ್ನಿಪುಡಿ ಆತು. ಆಮ್ಯಾಲೆ ಹಟಮಾರಿ ಮುದ್ದಿ.
ಸಾಕ್ರೀ, ಮೋಟರ್ ಸುಡತೈತಿ.
ಇನ್ನೊಂದ ಸುತ್ತು, ಅಣ್ಣಾ.
ಒಮ್ಮಿಂದೊಮ್ಮೆ ಶೇಂಗಾ
ಒಳಗಿನ ಎಣ್ಣಿ ತಾನ ಒಪ್ಪಿಕೊಂಡು
ಹರಿಯಾಕ ಹತ್ತಿತು.

ಬಿಸ್ಕೀಟು ಜಜ್ಜಿದ್ದು ಸಾಮಾನ್ಯ ಜ್ಞಾನದ ದಪ್ಪ ಪುಸ್ತಕದಿಂದ;
ಅದು ಖಾತ್ರಿಯಾಗಿ ಉಪಯೋಗಕ್ಕ ಬಂದದ್ದು ಆವತ್ತ.
ಬೆಣ್ಣಿ ಮಾಳಿಗಿಯ ಬಿಸಲಾಗ ಇಟ್ವಿ.
ಏಪ್ರಿಲ್ ತಿಂಗಳು, ಒಂದು ಪ್ರಶ್ನೆಪತ್ರಿಕೆ ಬಿಡಿಸೂದ್ರಾಗ ನೀರಾಗಿತ್ತು.
ಹಿಂದಿನ ರಾತ್ರಿಯಿಂದ ನನ್ನ ದುಪಟ್ಟಾದಾಗ
ಕಿಟಕಿ ಸಳಿಗೆ ಜೋತುಬಿದ್ದ ಮೊಸರು
ಬಕೆಟ್ಟಿಗೆ ತೊಟ್ಟು ತೊಟ್ಟು ಲೆಕ್ಕ ಹೇಳತಿತ್ತು.

ಬೆಲ್ಲದ ಪುಡಿ, ಮೊಸರು, ಶೇಂಗಾ ಕೂಡಿಸಿ ತಿರುವಿ ತಿರುವಿ
ಬಿಸ್ಕೀಟಿನ ಮ್ಯಾಲ ಬಳದು, ತಾಟಿನ ಅಂಚಿಗೆ
ಕಸ್ತೂರಿ ಚಮಚದಿಂದ ಗೆರಿ ಎಳದಳು.
ಇನ್ನ ಥಂಡಿ ಬೇಕು.
ಥಂಡಿಯೂ ಬೆಂಕಿ ಹಂಗ, ಕೆಳಗಿನವರ ತಾಬೇದಾಗ.

ಪ್ರಮಿಳಾಬಾಯಿ ತಾಟು ನೋಡಿದ್ರು, ನಮ್ಮನ್ನ ನೋಡಿದ್ರು,
ಮೂಗಿನ ಹತ್ರ ಒಯ್ದ್ರು. ಕಾಯಿಲ್ ಹಚ್ಚೀರಿ?
ಇಲ್ರೀ, ಬಿಸಲ ಹಚ್ಚೀವಿ.
ಮಾತಾಡದ ಹಿಟ್ಟಿನ ಡಬ್ಬಿ ಸರಿಸಿ,
ಇನ್ಸುಲಿನ್ ಬಾಟ್ಲಿ ಸರಿಸಿ ಜಾಗ ಮಾಡಿದ್ರು.

ಆ ರಾತ್ರಿ ಹನ್ನೊಂದಕ್ಕ ಪಟ್ಟಿ ಬಿಟ್ರು.
ಮುಬೀನಾನ ಹೆಸರಿರಲಿಲ್ಲ. ಕಟಾಫಿಗೆ ಕಾಲು ಅಂಕ ಕಮ್ಮಿ.
ಯಾರೂ ಲೈಟ್ ಆರಿಸಲಿಲ್ಲ. ಯಾರೂ ಓದಲಿಲ್ಲ.

ಮುಂಜಾನೆ ತರಾಕ ಹೋದ್ರ
ಪೈ ಗಟ್ಟಿಯಾಗಿತ್ತು, ಚಾಕು ಹೇಳಿದಂಗ ಕೇಳೂವಷ್ಟು.
ಖರೇ, ಸರಿಯಾಗಿ ಕಾಲು ಭಾಗ ಇರಲಿಲ್ಲ.
ಸಕ್ಕರಿ ಕಾಯಿಲೆಯ ಪ್ರಮಿಳಾಬಾಯಿ ನಮಗ ಬೆನ್ನು ಮಾಡಿ
ಬಾಗಲಕ್ಕ ನೀರು ಹೊಡೀತಿದ್ರು,
ಹೊಡದ ಜಾಗಕ್ಕ ಮತ್ತ ಮತ್ತ.

ತಪ್ಪಿಗೆ ಕಾಲು ಕಟ್, ಅಂದುಬಿಟ್ಟಳು ಕಸ್ತೂರಿ,
ಅಂದು ನಾಲಿಗಿ ಕಚ್ಚಿಕೊಂಡಳು.
ಮುಬೀನಾನ ಮೂಗಿನಿಂದ ಒಂದು ಗಾಳಿ ಹೊಂಟಿತು;
ನಗು ಅಂತ ಹಿಡದ್ವಿ.

ಮುಕ್ಕಾಲು ಉಳದಿತ್ತು, ಮೂರು ಮಂದಿ ಇದ್ವಿ.
ಶೇಂಗಾ ಬಾಯಿಯ ಅಂಗಳಕ್ಕ ಮೆತ್ತಿಕೊಂಡು
ಬಾಳ ಹೊತ್ತು ಯಾರಿಗೂ ಮಾತು ಬರಲಿಲ್ಲ.
ಅದು ಚಲೋನ ಆತು.