ಹದಿನಾರು ಕಿವಿ

ಪ್ಲೈವುಡ್ ಹಲಗೆಯ ಮೇಲೆ ದುಂಡಗೆ
ಹದಿನಾರು ಮೈಕು, ಒಂದೊಂದೂ ಕಡಲೆಬೇಳೆಯಷ್ಟು,
ಒಂದಕ್ಕೂ ಇನ್ನೊಂದಕ್ಕೂ ನಡುವೆ ಮೂರು ಬೆರಳು.
ಹೊಯ್ಗೆಬಜಾರಿನ ಮುಚ್ಚಿದ ಹಂಚಿನ ಕಾರ್ಖಾನೆ
ಮೂರು ದಿನದ ಬಾಡಿಗೆಗೆ ಸಿಕ್ಕಿತು
ಪ್ರತಿಧ್ವನಿ ಸಮೇತ.

ವಾಚ್‌ಮನ್ ಹಸನಬ್ಬ ಬೀಗ ತೆಗೆದು ಕೆಮ್ಮಿದರು.
ಒಂದು ಕೆಮ್ಮು ಒಳಗೆ ಹೋಗಿ
ಒಂಬತ್ತಾಗಿ ಹೊರಗೆ ಬಂತು.
"ಪ್ರೆಸ್ಸು ನಡೆಯುವಾಗ ಇದೆಲ್ಲ ಕೇಳ್ತಿರಲಿಲ್ಲ ಮೇಡಂ.
ಈಗ ಗೋಡೆಗೆ ಕೆಲಸ ಇಲ್ಲ,
ಹೇಳಿದ್ದನ್ನೇ ಹೇಳ್ತದೆ."

ನನ್ನ ಎಡಗಿವಿ
ಏಳನೇ ವಯಸ್ಸಿನಲ್ಲಿ ಬಂದ ಮಂಗನಬಾವು
ಹೋಗುವಾಗ ಜೊತೆಗೆ ಒಯ್ದದ್ದು.
ಒಂದೇ ಕಿವಿಯವಳಿಗೆ ಸದ್ದು ಉಂಟು, ದಿಕ್ಕಿಲ್ಲ.
ಕಣ್ಣಾಮುಚ್ಚಾಲೆಯಲ್ಲಿ
ಗೇರುಮರದ ಹಿಂದಿನ ಕೂ,
ಬಾವಿಕಟ್ಟೆಯ ಕೂ,
ನನ್ನ ಬೆನ್ನಿಗೇ ಅಂಟಿ ನಿಂತ ತಮ್ಮನ ಕೂ,
ಎಲ್ಲ ಕೂ ಬಲಕ್ಕೇ.
ಬಲಕ್ಕೆ ಓಡುತ್ತಿದ್ದೆ. ಬಲಕ್ಕೆ ಯಾವಾಗಲೂ
ಸಿಕ್ವೇರಾ ಅವರ ಕಾಂಪೌಂಡು ಗೋಡೆ.

ಈಗ ಇದೇ ನನ್ನ ಉದ್ಯೋಗ.
ಸೆಕೆಂಡಿನ ಸಾವಿರದೊಂದು ಪಾಲಿನಲ್ಲಿ
ಸದ್ದು ನಡೆಯುವುದು ಒಂದೂವರೆ ಗೇಣು.
ಮೂರನೇ ಮೈಕಿಗೆ ಮೊದಲು ತಲುಪಿತೋ
ಹನ್ನೊಂದನೆಯದಕ್ಕೋ,
ಎಷ್ಟು ಕೂದಲೆಳೆ ಮೊದಲು,
ಅಷ್ಟು ಗೊತ್ತಾದರೆ ದಿಕ್ಕು ಗೊತ್ತು.
ಮೊದಲು ಬಂದದ್ದನ್ನು ನಂಬು,
ಉಳಿದದ್ದು ಗೋಡೆಯ ಚಾಡಿ ಎನ್ನುತ್ತದೆ ಲೆಕ್ಕ.
ಆದರೆ ನಡುವೆ ಕಂಬ ಅಡ್ಡ ನಿಂತರೆ
ಮೊದಲು ಬಂದದ್ದೂ ಚಾಡಿಯೇ.
ಈ ಶೆಡ್ಡಿನಲ್ಲಿ ಕಂಬ ನಲವತ್ತು.

ಸ್ಪೀಕರು ಹಚ್ಚಿದೆ.
ಹೊಟ್ಟೆಯಲ್ಲಿ ಗುಂಯ್ ಎಂದು ಹುಟ್ಟಿ
ತುದಿಗೆ ಸೂಜಿಯಾಗುವ ಸದ್ದು.
ಮಾಡಿನ ಪಾರಿವಾಳಗಳು ಒಟ್ಟಿಗೆ ಎದ್ದು
ಹದಿನಾರು ಕಿವಿಗೂ ರೆಕ್ಕೆ ತುಂಬಿತು.
ಆ ದಿನದ ಲೆಕ್ಕ ಅಲ್ಲಿಗೇ ಮುಗಿಯಿತು.

ಎರಡನೇ ದಿನ ಪರದೆಯಲ್ಲಿ ಎರಡು ಕೆಂಪು ಚುಕ್ಕೆ.
ಒಂದು, ಪ್ರೆಸ್ಸಿನ ಪಕ್ಕ ನಿಂತ ಹಸನಬ್ಬ.
ಇನ್ನೊಂದು ಗೋಡೆಯ ಆಚೆ.
"ಆಚೆ ನೇತ್ರಾವತಿ ಅಲ್ವಾ ಮೇಡಂ?"
ಹೌದು. ಗೋಡೆಗೆ ಬಡಿದು ಬಂದ ಮಾತು
ಗೋಡೆಯ ಹಿಂದಿನಿಂದ ಬಂದ ಹಾಗೆ,
ಕನ್ನಡಿಯೊಳಗೆ ನಿಂತವನು ಆಡಿದ ಹಾಗೆ.
"ಹಾಗಾದ್ರೆ ನಾನು ಈಗ ಹೊಳೆಯಲ್ಲಿ?"
ಎದೆಮಟ್ಟ ನೀರಲ್ಲಿ, ಎಂದೆ.
ಅವರು ಲುಂಗಿ ಎತ್ತಿ ಕಟ್ಟಿದರು.

ಮೂವತ್ತು ವರ್ಷ ಅವರ ಕೆಲಸ ಬಡಿಯುವುದು.
ಗೂಡಿನಿಂದ ಇಳಿದ ಪ್ರತಿ ಹಂಚಿಗೂ
ಗೆಣ್ಣಿನಿಂದ ಒಂದು ಪೆಟ್ಟು.
ಟಣ್ ಅಂದರೆ ಮನೆಗೆ,
ಟಪ್ ಅಂದರೆ ರಾಶಿಗೆ.
ಆ ಗದ್ದಲದಲ್ಲಿ ಹೇಗೆ ಕೇಳುತ್ತಿತ್ತು?
"ಕೇಳ್ತಿತ್ತು ಅಂತ ಯಾರು ಹೇಳಿದ್ದು?
ಕೈಗೆ ಗೊತ್ತಾಗ್ತಿತ್ತು."

ಮೂರನೇ ಸಂಜೆ ವಯರು ಸುತ್ತುವ ಹೊತ್ತಿಗೆ
ಕರೆಂಟು ಹೋಯಿತು.
ನಲವತ್ತು ಕಂಬವೂ ಒಂದೇ ಕತ್ತಲು.
"ಓಲುಲ್ಲರ್?" ಎಲ್ಲಿದ್ದೀರಿ,
ಅವರ ತುಳು ಒಂಬತ್ತು ಕಡೆಯಿಂದ.
ನನಗೆ ಒಂಬತ್ತೂ ಬಲಕ್ಕೇ.
ಇಲ್ಲಿ, ಎಂದೆ.
ಇಲ್ಲಿ ಎನ್ನುವುದು
ಆ ಶೆಡ್ಡಿನ ತುಂಬ ಆಯಿತು.

ಆಮೇಲೆ ಟಣ್.
ಕೈಗೆ ಸಿಕ್ಕ ಯಾವುದೋ ಹಂಚು.
ಟಣ್ ಎನ್ನುತ್ತ ನಡೆದು ಬರುತ್ತಿದ್ದಾರೆ.
ಚಿಕ್ಕಂದಿನಿಂದ ಕಲಿತದ್ದನ್ನೇ ಮಾಡಿದೆ:
ನಿಂತಲ್ಲೇ ಮೆಲ್ಲಗೆ ತಿರುಗುವುದು,
ಇಡೀ ಮೈಯನ್ನು ಒಂದು ಕಿವಿ ಮಾಡಿ,
ಸದ್ದು ದಪ್ಪವಾಗುವಲ್ಲಿ ನಿಲ್ಲುವುದು.

ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇನ್ನೂ ಇತ್ತು.
ಒಂದು ಕೆಂಪು ಚುಕ್ಕೆ ಕಂಬ ಕಂಬ ದಾಟಿ ನನ್ನ ಕಡೆಗೆ.
ಅದು ಗೋಡೆ ಬಿಟ್ಟು ಬಂದಷ್ಟೇ
ಇನ್ನೊಂದೂ ಗೋಡೆ ಬಿಟ್ಟು ಹೊರಟಿತ್ತು.
ಕತ್ತಲ ಹೊಳೆಯಲ್ಲಿ ಹಂಚು ಬಡಿಯುತ್ತ
ಇನ್ನೊಬ್ಬ ಹಸನಬ್ಬ,
ಉಳ್ಳಾಲದ ಕಡೆಗೆ.