ಎರಿ ಹೊಲದಾಗ ಕಿವಿ

ತೊಗರಿ ಕೊಯ್ದ ಕೂಳೆ ಕಾಲಿಗೆ ಚುಚ್ಚತಾವ.
ನೀಲವ್ವನ ಹೊಲ, ಮುದ್ದೇಬಿಹಾಳದಿಂದ ಮೂಡಲಕ್ಕ.
ಎರಿ ಮಣ್ಣು ಬಿರಿದು ಮೊಳಕೈ ಇಳಿಯುವಷ್ಟು ಬಾಯಿ.
ಅದರ ಮ್ಯಾಲೆ ನಾ ಮಷೀನಿನ ಕೋಲು ಬೀಸತೀನಿ,
ಎಡಕ್ಕ, ಬಲಕ್ಕ, ನೆಲಕ್ಕ ಎರಡು ಬೆರಳು ಬಿಟ್ಟು,
ರಂಗೋಲಿ ಅಳಿಸಧಂಗ ಕಸಾ ಹೊಡದಾಂಗ.

ಇಪ್ಪತ್ತಾರು ವರ್ಷ ಬಾಂಬ್ ದಳದಾಗಿದ್ದೆ.
ಬಸ್ ಸ್ಟ್ಯಾಂಡಿನ್ಯಾಗ ವಾರಸುದಾರಿಲ್ಲದ ಚೀಲ,
ಮಂತ್ರಿ ಬರೂ ಮುಂಚೆ ವೇದಿಕಿ ಕೆಳಗ,
ಗೋಳಗುಮ್ಮಟದ ಮೆಟ್ಟಲ ಒಂದೊಂದೂ.
ಆವಾಗ ಮಷೀನು ಸುಮ್ಮನಿದ್ರ ದೇವ್ರು ದೊಡ್ಡಾವ.
ಕುಂಯ್ ಅಂತು ಅಂದ್ರ
ಬಾಯಿ ಒಣಗೂದು, ಹೆಂಡತಿ ಮಾರಿ ನೆನಪಾಗೂದು.
ಒಮ್ಮೆ ಚೀಲದಾಗ ಇದ್ದದ್ದು ತೊಟ್ಟಲಿಗೆ ಕಟ್ಟೂ ಹಿತ್ತಾಳಿ ಗಿಲಕಿ.
ಒಮ್ಮೆ ಗಿಲಕಿ ಅಲ್ಲ. ಬಲಗಿವಿ ಅರ್ಧಾ ಹೋತು.
ಅದನ್ನ ಇಲ್ಲಿ ಹೇಳೂದಿಲ್ಲ.

ಈಗ ಎಡಗಿವಿಗೆ ಹೆಡ್‌ಫೋನು.
ಕುಂಯ್ ಅನ್ನಲಿ ಅಂತ ಬೇಡಕೊಂತ ನಡೀತೀನಿ.

ಹಂಚಿನಾಳ ಮೇಡಂ ಮೊದಲ ದಿನಾನ ಹೇಳಿದ್ರು:
"ವಾಲೀಕಾರ್ರ, ಸಪ್ಪಳ ನಿಮ್ದು, ಅಗಿಯೂದು ನಮ್ದು.
ಕೆಂಪು ಬಾವುಟ ನೆಡ್ರಿ, ಒಂದು ಹೆಜ್ಜಿ ಹಿಂದ ಸರೀರಿ.
ಬಿದ್ದ ಜಾಗಾ ತಪ್ಪಿದ್ರ ವಸ್ತು ಮೂಕ ಆಗ್ತದ."
ಹಿಂದ ಸರಿಯೂದು ನನಗ ಕಲಿಸಬೇಕಾಗಿದ್ದಿಲ್ಲ.
ಗುಜರಿ ಅಂಗಡಿ ಮೌಲಾಗ ಮಾತ್ರ ಕಷ್ಟ ಆತು.
ಕಬ್ಬಿಣ ಕಂಡಲ್ಲಿ ಕೈ ಹಾಕಿ ಮಕ್ಕಳ ಲಗ್ನಾ ಮಾಡಿದಾಂವ,
ಈಗ ಎರಡೂ ಕೈ ಬೆನ್ನಿಗೆ ಕಟಗೊಂಡು
ಬಗ್ಗಿ ಮೂಸಿ ನೋಡತಾನ:
"ಇದು ಹಳೇದ್ರಿ ಸಾಹೇಬ್ರ. ತುಕ್ಕಿನ ವಾಸನೀನ ಬ್ಯಾರೆ."

ಊರಾನ ಮಂದಿ ಬದುವಿನ ಮ್ಯಾಲೆ ಕುಂತು
ಹೊನ್ನಿನ ಕೊಪ್ಪರಿಗಿ ಎಣಸತಾರ.
"ಎಷ್ಟು ಸಿಕ್ತು?"
ಸಿಕ್ಕದ್ದು ಹೇಳಿದ್ರ ನಗತಾರ:
ಗುಟ್ಕಾ ಚೀಟಿ ನಾಕನೂರಾ ಹನ್ನೊಂದು,
ಸೋಡಾ ಬಾಟ್ಲಿ ಮುಚ್ಚಳ, ಮುರದ ಕುಡ, ಎತ್ತಿನ ಲಾಳ,
ಮತ್ತೊಂದು ಬೆಳ್ಳಿ ಕಾಲುಂಗುರ.
ನೀಲವ್ವ ನೋಡಿದ್ದ ತಡ, ಕುಸದು ಕುಂತ್ಳು.
"ನಮ್ಮತ್ತೀದ್ರಿ. ಸದಿ ತಗಿಯೂ ಮುಂದ ಕಳಕೊಂಡಿದ್ಳು.
ನಾನ ಕದ್ದೀನಿ ಅನಕೋಂತ ಸತ್ತಳ್ರಿ."
ಮೇಡಂ ರಿಜಿಸ್ಟರಿನ್ಯಾಗ ಅದನ್ನೂ ಬರದ್ರು:
ಕ್ರಮಸಂಖ್ಯೆ ಅರವತ್ತೆರಡು. ವಾಪಸು ಕೊಟ್ಟದ್ದು.

ಹನ್ನೆರಡನೇ ದಿನ ಸೀಸದ ಗುಂಡು ಸುರುವಾದವು.
ಬಾರಿಹಣ್ಣಿನಷ್ಟ, ಮ್ಯಾಲೆ ವಿಭೂತಿ ಹಚ್ಚಿಧಂಗ ಬಿಳುಪು.
ಯಾವ ಕಾಳಗ, ಯಾರ ದಂಡು, ಇನ್ನೂ ಗೊತ್ತಿಲ್ಲ.
ಮೇಡಂ ಅವಸರ ಮಾಡೂ ಪೈಕಿ ಅಲ್ಲ.
ಚಪ್ಪಟಿ ಆದದ್ದೊಂದು ಅಂಗೈಮ್ಯಾಲಿಟ್ಟು ಅಂದ್ರು:
"ಇದು ಬಡದದ. ಕಲ್ಲಿಗೋ, ಎಲುವಿಗೋ."
ಆಮ್ಯಾಲೆ ಗುಂಡಗಿದ್ದದ್ದು:
"ಇದು ಬರೇ ಮಣ್ಣಿಗೆ ಬಿದ್ದದ. ಗುರಿ ತಪ್ಪೇದ."

ಆ ರಾತ್ರಿ ಶಾಲಿ ಖೋಲ್ಯಾಗ ನಿದ್ದಿ ಬರಲಿಲ್ಲ.
ಮೌಲಾ ಗೊರಕಿ ಹೊಡೀತಿದ್ದ.
ನಾ ಬೆರಳ ಮಡಚಿ ಎಣಸಕೋಂತ ಬಿದ್ದಿದ್ದೆ.

ಸಪ್ಪಳದಾಗ ತಿಳಿಯೂದಿಲ್ಲ ನೋಡ್ರಿ.
ಚಪ್ಪಟಿಗೂ ಗುಂಡಗಿದ್ದದ್ದಕ್ಕೂ ಒಂದ ದನಿ.
ಬಾವುಟ ನೆಡತೀನಿ, ಹಿಂದ ಸರೀತೀನಿ,
ಧಾರವಾಡದ ಹುಡುಗ ಬ್ರಷ್ ಹಿಡದು ಕೂಡತಾನ,
ನಾ ಮುಗಿಲು ನೋಡಕೋಂತ ನಿಲ್ಲತೀನಿ.
ಹಳೇ ರೂಢಿ, ಉಸರು ಹಿಡೀತೀನಿ.
"ಹ್ಯಾಂಗೈತೋ ತಮ್ಮಾ?"
"ಗುಂಡಗೈತ್ರಿ."

ಹಂಗಾದ್ರ ಯಾವನೋ ಒಬ್ಬಾಂವ
ಅವತ್ತ ಹೊತ್ತು ಮುಳಗಿದ ಮ್ಯಾಲೆ
ಮೈಯೆಲ್ಲಾ ಎರಿ ಮೆತ್ತಿಕೊಂಡು ಮನೀ ಮುಟ್ಟ್ಯಾನ.
ಬಾಗಲಾಗ ನಿಂತು ನೀರು ಕೇಳ್ಯಾನ.
ಯಾಕ ಉಳದೆ ಅಂತ ಅವಗೂ ಗೊತ್ತಿದ್ದಿರಲಿಕ್ಕಿಲ್ಲ,
ನನಗ ಇವತ್ತ ಗೊತ್ತಾತು.

ಚಪ್ಪಟಿ ಹತ್ತೊಂಬತ್ತು.
ಗುಂಡಗಿದ್ದವು ನಾಕ.
ಇನ್ನೂ ಅರ್ಧಾ ಹೊಲ ಐತಿ.